ಸೌತೆಕಾಯಿ ಕಡಿದ ಕೊರಡು

ನಾನು ಒಂದು ಕೊರಡು. ಹುಣಸೆಮರದ್ದು. ನಾಗಮಂಗಲದ ಕಡೆ ರಸ್ತೆ ಅಗಲ ಮಾಡುವಾಗ ನನ್ನ ಮರವನ್ನು ಉರುಳಿಸಿದರು. ಮೊಣಕಾಲೆತ್ತರಕ್ಕೆ ಕೊಯ್ದ ತುಂಡನ್ನು ದೊಡ್ಡಯ್ಯ ಎಂಬ ಕೋಳಿ ಅಂಗಡಿಯವನು ಗಾಡಿಯಲ್ಲಿ ತಂದು, ನೆರಳಲ್ಲಿ ಒಣಗಿಸಿ, ತನ್ನ ಮಚ್ಚಿನ ಕೆಳಗೆ ಇಟ್ಟುಕೊಂಡ. ಹುಣಸೆ ಸುಲಭಕ್ಕೆ ಸೀಳುವುದಿಲ್ಲ, ಅದಕ್ಕೇ ಈ ಕೆಲಸಕ್ಕೆ ನಾವೇ ಬೇಕು. ಏಟು ತಿನ್ನುವುದೇ ನನ್ನ ಬದುಕು. ಅದರ ಬಗ್ಗೆ ನನಗೆ ಜಂಬವೂ ಇತ್ತು, ಸುಳ್ಳೇಕೆ ಹೇಳಲಿ.

ದೊಡ್ಡಯ್ಯ ಕಡಿಯುತ್ತಿದ್ದುದು ಹಿತ್ತಲಲ್ಲಿ ಕೆದರಿ ತಿಂದು ಬೆಳೆದ ನಾಟಿ ಕೋಳಿ. ಅವನದೊಂದು ಪದ್ಧತಿ: ಆಯುಧಪೂಜೆಯ ದಿನ ನನ್ನ ಮೇಲೆ ರಕ್ತ ಬೀಳುವಂತಿಲ್ಲ. ನನ್ನನ್ನು ತೊಳೆದು, ಅರಿಶಿನ ಬಳಿದು, ಕುಂಕುಮವಿಟ್ಟು ಪೂಜೆ ಮಾಡುತ್ತಿದ್ದ. ಆಮೇಲೆ ಅದೇ ಮಚ್ಚಿನಲ್ಲಿ ನನ್ನ ಮೇಲೆ ಸೌತೆಕಾಯಿ ಕಡಿದು, ಕಡ್ಲೆಪುರಿಯ ಜೊತೆ ಮನೆಮಂದಿಗೆಲ್ಲ ಹಂಚುತ್ತಿದ್ದ. ತಿಂದವರಲ್ಲಿ ಒಬ್ಬಿಬ್ಬರಿಗೆ ಹೊಟ್ಟೆ ಕೆಟ್ಟದ್ದೂ ಉಂಟು. ಎರಡು ದಿನದಲ್ಲಿ ಸರಿಹೋಗುತ್ತಿತ್ತು.

ದೊಡ್ಡಯ್ಯ ಸತ್ತ ಮೇಲೆ ನಾನು ಮಗ ಚಲುವರಾಜುವಿನ ಪಾಲಾದೆ. ನಾಟಿ ಕೋಳಿ ಹೋಗಿ ಫಾರಂ ಕೋಳಿ ಬಂತು. ಅಷ್ಟರಲ್ಲಿ ನನ್ನ ಮೈತುಂಬ ಗಾಯ. ಕೋಳಿಯ ಕರುಳು ಸೀಳಿದಾಗ ಚೆಲ್ಲಿದ್ದು ಆ ಗಾಯಗಳಿಗೆ ಇಳಿಯುತ್ತದೆ, ಅದರ ಜೊತೆ ಕಣ್ಣಿಗೆ ಕಾಣದ ಜೀವಿಗಳೂ ಇಳಿಯುತ್ತವೆ. ಅವು ಮೊದಲೂ ಇದ್ದವು. ಆದರೆ ಈಗ ಬಂದವು ಔಷಧಿಯಲ್ಲೇ ಬೆಳೆದು ಔಷಧಿಗೆ ಹೆದರುವುದನ್ನು ಬಿಟ್ಟ ಭಂಡ ಜೀವಿಗಳು. ಇದು ನನಗಾಗಲಿ ಚಲುವರಾಜುವಿಗಾಗಲಿ ಆಗ ಗೊತ್ತಿರಲಿಲ್ಲ.

ಒಂದು ವರ್ಷ ಅವನ ಮಗಳು ಕೋಮಲ ಆರು ತಿಂಗಳ ಬಸುರಿ, ಹಬ್ಬಕ್ಕೆಂದು ತವರಿಗೆ ಬಂದಿದ್ದಳು. ಪೂಜೆ ಮುಗಿಯಿತು. ಇವಳೊಬ್ಬಳಿಗೆ ಮನೆಯ ಈಳಿಗೆಮಣೆಯಲ್ಲಿ ಹೆಚ್ಚಿಕೊಡುತ್ತೇನೆ ಎಂದು ತಾಯಿ ಜವರಮ್ಮ ಹೇಳಿದಳು. ಚಲುವರಾಜು ಒಪ್ಪಲಿಲ್ಲ.

"ಇವತ್ತು ಇದು ದೇವ್ರು ಕಣೆ. ದೇವ್ರ ಮ್ಯಾಲೆ ಕಡ್ದಿದ್ರಲ್ಲಿ ಕೊಳೆ ಎಲ್ಲೈತೆ? ಮೊದ್ಲು ನನ್ ಮಗ್ಳೇ ತಿನ್ಲಿ."

ಮೊದಲ ಹೋಳು ಅವಳಿಗೇ ಸಿಕ್ಕಿತು. ಕುಂಕುಮ ಇಡಿಸಿಕೊಂಡು ನಾನೂ ಬೀಗುತ್ತ ಕೂತಿದ್ದೆ.

ಮೂರು ವಾರ ಕಳೆಯುವಷ್ಟರಲ್ಲಿ ಅವಳಿಗೆ ಉರಿಮೂತ್ರ, ಚಳಿಜ್ವರ. ಮಾತ್ರೆ ಕೊಟ್ಟರು, ಇಂಜೆಕ್ಷನ್ ಕೊಟ್ಟರು, ಇಳಿಯಲಿಲ್ಲ. ಸೋಂಕು ರಕ್ತಕ್ಕೆ ಸೇರಿದ ಮೇಲೆ ಮೈಸೂರಿನ ಆಸ್ಪತ್ರೆಗೆ ಸೇರಿಸಿದರು. ಎಂಟು ಬಗೆಯ ಔಷಧಿ ನಾಟುವುದಿಲ್ಲ ಎಂದು ಪರೀಕ್ಷೆಯ ಚೀಟಿ ಬಂತು. ಉಳಿದಿದ್ದರಲ್ಲಿ ಒಂದು ಅವಳನ್ನು ಬದುಕಿಸಿತು. ಮಗು ಹೊಟ್ಟೆಯಲ್ಲೇ ಹೋಗಿತ್ತು.

ಇಷ್ಟನ್ನೂ ಚಲುವರಾಜು ಫಾರಂನಿಂದ ಕೋಳಿ ತರುವ ಶಿವನಂಜನಿಗೆ ನನ್ನ ಪಕ್ಕದಲ್ಲೇ ನಿಂತು ಹೇಳಿದ. ಮಾತ್ರೆಯನ್ನೇ ನುಂಗದೆ ಬೆಳೆದ ಹುಡುಗಿಗೆ ಔಷಧಿ ಯಾಕೆ ನಾಟಲಿಲ್ಲ ಎಂದು ಡಾಕ್ಟರನ್ನು ಕೇಳಿದನಂತೆ. ಎಲ್ಲಿಂದ ಬಂತೆಂದು ಖಚಿತವಾಗಿ ಹೇಳಲಾಗದು, ಆದರೆ ಇಂಥವು ಕೋಳಿಯ ಕರುಳಲ್ಲೂ ಸಿಗುತ್ತವೆ, ತಿಂದವರ ಕರುಳಲ್ಲಿ ನೆಲೆಸಿ ಮೂತ್ರಕ್ಕೂ ಹರಡುತ್ತವೆ, ಮನೆಯಲ್ಲಿ ಏನು ಕೆಲಸ ಎಂದು ಅವರು ಕೇಳಿದರಂತೆ. ಇದನ್ನು ಹೇಳುತ್ತಲೇ ಚಲುವರಾಜು ಜೇಬಿನಿಂದ ಪರೀಕ್ಷೆಯ ಚೀಟಿ ತೆಗೆದು, ನಾಟದ ಔಷಧಿಗಳ ಹೆಸರನ್ನು ತಡವರಿಸುತ್ತ ಓದತೊಡಗಿದ. ಮೂರನೆಯ ಹೆಸರಿಗೆ ಶಿವನಂಜ ತಲೆ ತಗ್ಗಿಸಿದ.

"ಅದ್ನ ನಾವು ಮರಿಗಳ್ಗೆ ನೀರಲ್ಲಿ ಹಾಕ್ತೀವಿ ಕಣಣ್ಣ. ಕಾಯ್ಲೆ ಬರ್ದೆ ಇರ್ಲಿ ಅಂತ."

ಚಲುವರಾಜು ನನ್ನನ್ನೇ ನೋಡುತ್ತ ನಿಂತ. ಅದಕ್ಕಿಂತ ಮಚ್ಚಿನ ಏಟೇ ವಾಸಿ ಅನ್ನಿಸಿತು.

ಮಾರನೆಯ ದಿನ ನನ್ನನ್ನು ಹಿತ್ತಲಿಗೆ ಉರುಳಿಸಿದ. ಪೂಜೆ ಮಾಡಿದ್ದನ್ನು ಸುಡಲು ಅವನಿಗೆ ಮನಸ್ಸು ಬರಲಿಲ್ಲ. ಅಂಗಡಿಗೆ ಹೊಸ ಕೊರಡು ಬಂತು. ಕೋಳಿ ಮಾತ್ರ ಅದೇ ಫಾರಂನದು. ನನಗೆ ಸಿಟ್ಟು ಬರುವುದು ಅದಕ್ಕೇ. ನನ್ನೊಬ್ಬನನ್ನು ಹೊರಗೆ ಹಾಕಿದರೆ ಮುಗಿಯಿತೇ? ಬಸುರಿಯರು ಆಸೆಪಟ್ಟು ಕಿತ್ತು ತಿನ್ನುವ ಕಾಯಿ ಬಿಡುವ ಮರದಲ್ಲಿ ಹುಟ್ಟಿದವನು ನಾನು. ಈಗ ಗೆದ್ದಲು ಹಿಡಿದಿದೆ, ಬೇಗ ತಿಂದು ಮುಗಿಸಲಿ.

ಕೋಮಲಳಿಗೆ ಯಾರೂ ಏನೂ ಹೇಳಿಲ್ಲ. ಈ ಸಲದ ಆಯುಧಪೂಜೆಗೆ ಬಂದವಳು ಅರಿಶಿನ ಕುಂಕುಮದ ಬಟ್ಟಲು ಹಿಡಿದು ಹಿತ್ತಲಿಗೇ ಬಂದಳು. ತಾತನ ಕಾಲದ್ದು, ಇಷ್ಟು ವರ್ಷ ಅನ್ನ ಕೊಟ್ಟಿದ್ದು, ಇದನ್ನು ಮರೆಯುವುದುಂಟೇ ಎಂದು ಗೊಣಗುತ್ತ ನನಗೆ ಕುಂಕುಮವಿಟ್ಟಳು. ಎರಡೂ ಅಂಗೈಯನ್ನು ನನ್ನ ಗಾಯಗಳ ಮೇಲೆ ಊರಿ ನಮಸ್ಕರಿಸಿದಳು. ಚಲುವರಾಜು ಬಾಗಿಲಿಗೆ ಬಂದವನು ಅದನ್ನು ನೋಡಿದ.

"ಮುಟ್‌ಬ್ಯಾಡ ಕಣವ್ವ."

ಯಾಕಪ್ಪ ಎಂದು ಅವಳು ಕೇಳಿದಳು. ಅವನು ಮಗಳನ್ನು ನಲ್ಲಿಯ ಹತ್ತಿರ ಕರೆದೊಯ್ದು, ಸೋಪು ಹಚ್ಚಿ, ಅವಳ ಕೈಗಳನ್ನು ತಾನೇ ತೊಳೆದ. ಕುಂಕುಮವೆಲ್ಲ ಹೋದ ಮೇಲೂ ತೊಳೆಯುತ್ತಲೇ ಇದ್ದ.