ಚಿಕ್ಕಬೈರಪ್ಪನವರ ಎರಡು ಡಿಸ್ಕು

ಪೀಣ್ಯದಲ್ಲಿ ತಗಡು ಒತ್ತುವ ಅಚ್ಚು ಮಾಡಿಸುವ ಚಿಕ್ಕಬೈರಪ್ಪನವರಿಗೆ ಎಲ್ಲೇ ಜಾಗ ಖಾಲಿ ಬಿದ್ದಿದ್ದರೂ ಮೈಯೆಲ್ಲ ಉರಿ. ತಮ್ಮ ವಠಾರದ ಮೆಟ್ಟಿಲ ಕೆಳಗಿನ ಗೂಡನ್ನೂ ಬಾಡಿಗೆಗೆ ಕೊಟ್ಟ ಪುಣ್ಯಾತ್ಮರು. ಅಂಥವರ ಮುಂದೆ ಅವರ ಅಕ್ಕನ ಮಗ ಹರ್ಷವರ್ಧನ್, "ಮಾವ, ಕಂಪ್ಯೂಟರಿಗೆ ಎರಡು ಡಿಸ್ಕ್ ಹಾಕಿ ರೇಡ್ ಅನ್ನೋ ಜೋಡಣೆ ಮಾಡೋಣ. ಒಂದರಲ್ಲಿ ಇರೋದೇ ಇನ್ನೊಂದರಲ್ಲೂ ಇರುತ್ತೆ. ಒಂದು ಕೆಟ್ರೂ ಅಚ್ಚಿನ ಡ್ರಾಯಿಂಗ್ ಉಳಿಯುತ್ತೆ," ಅಂದುಬಿಟ್ಟ.

"ಎಲ್ಡು ತಂದು ಒಂದರ ಜಾಗ ಮಾತ್ರ ಬಳಸಾದಾ? ಇನ್ನೊಂದು ಖಾಲಿ ಮನೆ ಇದ್ದಂಗೆ. ಆಗಕ್ಕಿಲ್ಲ ಕಣ್ಲಾ. ರೇಡೂ ಆಗ್ಬೇಕು, ಎಲ್ಡೂ ತುಂಬ್ಬೇಕು."

ಎದುರು ಮಾತಾಡಿದರೆ ಮೇಲಿನ ಆಫೀಸಿನಿಂದ ಕೆಳಗಿನ ಮಿಷನ್ ಶಾಪಿಗೆ ಅಟ್ಟುತ್ತಾರೆ. ಫ್ಯಾನು, ತಿರುಗುವ ಕುರ್ಚಿ ಬಿಟ್ಟು ಮೈಗೆಲ್ಲ ಎಣ್ಣೆ ಮೆತ್ತಿಸಿಕೊಳ್ಳುವುದೆಂದರೆ ಹರ್ಷನಿಗೆ ಜೀವ ಹೋದಷ್ಟು ಕಷ್ಟ. ಅದಕ್ಕೇ ತೆಪ್ಪಗೆ ರೇಡ್ ಸೊನ್ನೆ ಅನ್ನುವ ಬಗೆ ಹಾಕಿದ. ಅದರಲ್ಲಿ ಪ್ರತಿ ಫೈಲೂ ಚೂರುಚೂರಾಗಿ ಎರಡೂ ಡಿಸ್ಕಿಗೆ ಹಂಚಿಹೋಗುತ್ತದೆ. ನಕಲು ಅನ್ನುವುದೇ ಇಲ್ಲ.

"ಇದು ನಿಜವಾದ ರೇಡಾ ಸಾರ್?" ಎಂದು ಡ್ರಾಯಿಂಗ್ ಮಾಡುವ ಜ್ಯೋತಿಲಕ್ಷ್ಮಿ ಕೇಳಿದಳು.

"ಸ್ಕ್ರೀನ್ ಮೇಲೆ ರೇಡ್ ಅಂತಾನೇ ಬರ್ತಿದೆ ನೋಡಿ ಮೇಡಂ," ಅಂದ ಭೂಪ.

ಆಯುಧಪೂಜೆ ಬಂತು. ಧೂಳು ಹೊಡೆಯಲು ಕಂಪ್ಯೂಟರಿನ ಮುಚ್ಚಳ ತೆಗೆದಿಟ್ಟಿದ್ದರು. ಲೇತಿಗೂ ಪ್ರೆಸ್ಸಿಗೂ ಕಾಯಿ ಒಡೆದು ಬಂದ ಚಿಕ್ಕಬೈರಪ್ಪನವರು, ಇದೊಂದಕ್ಕೆ ಯಾಕೆ ಮೋಸ ಅಂತ, ಅದರ ಕಬ್ಬಿಣದ ಮೂಲೆಗೇ ಕಾಯಿ ಕುಟ್ಟಿದರು. ಕಾಯಿನೀರು ಸೀದಾ ಒಳಗಿಳಿಯಿತು. ರಜೆ ಮುಗಿಸಿ ಬಂದು ಸ್ವಿಚ್ ಹಾಕಿದರೆ ಒಂದು ಡಿಸ್ಕ್ ಉಸಿರೇ ಎತ್ತಲಿಲ್ಲ.

"ಇನ್ನೊಂದೈತಲ್ಲ," ಎಂದು ಮಾವ ಕಾಲ ಮೇಲೆ ಕಾಲು ಹಾಕಿದರು.

"ಅದರಲ್ಲಿ ಅರ್ಧ ಇದೆ ಮಾವ."

"ಸದ್ಯ. ಅರ್ಧ ಡ್ರಾಯಿಂಗಾದ್ರೂ ಉಳುದ್ವಲ್ಲ."

"ಹಂಗಲ್ಲ. ಒಂದೊಂದು ಡ್ರಾಯಿಂಗಲ್ಲೂ ಅರ್ಧರ್ಧ."

"ಅಂಗಂದ್ರೆ ಒಂದೂ ಇಲ್ಲ."

"ಇಲ್ಲ."

ಜ್ಯೋತಿಲಕ್ಷ್ಮಿಯ ಕಣ್ಣು ತುಂಬಿತು. ವರ್ಷಗಟ್ಟಲೆ ಕೂತು ಎಳೆದ ಗೆರೆಗಳು. ಅವಳನ್ನು ನೋಡಿ ಹರ್ಷನಿಗೆ ನಾಚಿಕೆಯಿಂದ ಭೂಮಿಗಿಳಿದುಹೋದಂತಾಯಿತು.

"ನಕಲು ಇಲ್ಲದ್ದು ನಿಜವಾದ ರೇಡ್ ಅಲ್ಲ. ಗೊತ್ತಿದ್ದೂ ಹೇಳ್ಲಿಲ್ಲ, ತಪ್ಪು ನಂದೇ," ಅಂದ.

ಚಿಕ್ಕಬೈರಪ್ಪನವರು ಬಯ್ಯಲಿಲ್ಲ. ಕಿಟಕಿಯಿಂದ ಕೆಳಗೆ ನೋಡಿದರು. ಇಷ್ಟು ವರ್ಷ ಮಾಡಿದ ಒಂದೊಂದು ಅಚ್ಚಿನಲ್ಲೂ ಒತ್ತಿ ತೆಗೆದ ಒಂದೊಂದು ಮಾದರಿ ತುಂಡು ಶಾಪಿನ ರಾಕಿನಲ್ಲಿತ್ತು. "ಅಳತೆಯೆಲ್ಲಾ ಅವುಗಳ ಮೈಮೇಲೇ ಐತೆ. ಇಳೀಲಾ ಕೆಳಕ್ಕೆ."

ಹರ್ಷ ಇಳಿದ. ಸಂಜೆಯವರೆಗೆ ಎಣ್ಣೆ ಜಿಡ್ಡಿನಲ್ಲಿ ಕೂತು ಒಂದು ತುಂಡನ್ನು ಅಳೆದು, ಬರೆದ ಹಾಳೆಯನ್ನು ಜ್ಯೋತಿಲಕ್ಷ್ಮಿಯ ಮುಂದೆ ಹಿಡಿದ. ಅವಳು ಕೈ ಚಾಚಲಿಲ್ಲ.

"ಇದನ್ನೇ ಪೂರ್ತಿಯಾಗಿ ಇನ್ನೊಂದು ಹಾಳೆ ಮೇಲೂ ಬರ್ಕೊಂಡು ಬನ್ನಿ ಸಾರ್," ಅಂದಳು.