ಬುಧವಾರ ಕಂಡದ್ದು

ನಮ್ಮ ಕಣಿವೆಯ ಜೇನುಗಾರರಿಗೆಲ್ಲ ಸೇರಿ ಅಂತರ್ಜಾಲದಲ್ಲಿ ಒಂದು ಗುಂಪಿದೆ. ಸ್ಲೊವೇನಿಯಾದ ಈ ಮೂಲೆಯಲ್ಲಿ ಜೇನುಪೆಟ್ಟಿಗೆ ಇಲ್ಲದ ಮನೆ ಕಡಿಮೆ, ಹಾಗಾಗಿ ಗುಂಪಿನಲ್ಲಿ ಎರಡು ಸಾವಿರ ಜನ. ಅದನ್ನು ನೋಡಿಕೊಳ್ಳುತ್ತಿದ್ದವಳು ನಾನು, ದಾರಿಂಕಾ. ಮೂವತ್ತು ವರ್ಷ ಶಾಲೆಯಲ್ಲಿ ಭಾಷೆ ಕಲಿಸಿ ನಿವೃತ್ತಳಾದವಳು. ನಿಜ ಹೇಳಬೇಕೆಂದರೆ, ಜನ ಅಲ್ಲಿಗೆ ಬರುತ್ತಿದ್ದುದು ಜೇನಿನ ವಿಷಯಕ್ಕಿಂತ ಹೆಚ್ಚಾಗಿ ನಾನು ಇವತ್ತು ಯಾರ ಕಾಲೆಳೆದಿದ್ದೇನೆ ಎಂದು ನೋಡಲು. ಅದು ನನಗೆ ಗೊತ್ತಿತ್ತು, ಹಿತವಾಗಿಯೂ ಇತ್ತು.

ಮೇ ತಿಂಗಳ ಒಂದು ಭಾನುವಾರ ಇಗ್ನಾಸಿ ಎಂಬ ಮುದುಕ ಅಲ್ಲಿ ಬರೆದ. ಮರ ಕಡಿಯುವ ಕೆಲಸ ಮಾಡಿಕೊಂಡಿದ್ದವನು, ಮೇಲಿನ ಕೇರಿಯವನು. ಅವನ ಮಗಳಿಗೆ ನಾನು ಪಾಠ ಹೇಳಿದ್ದೆ. "ಎಲ್ರೂ ಪೆಟ್ಗೆ ತೆಗ್ದು ನೋಡಿ ನನ್ ಮೂರ್ ಪೆಟ್ಗೇಲಿ ಮರಿಹುಳ ಕೊಳ್ತೋಗಿದೆ ಬಡಗಿ ಅಂಟಿನ ವಾಸ್ನೆ ಬರ್ತಿದೆ ಶಾಲೆ ಅಂಗಳದ ಸಂತೆಯಿಂದ ತಂದ ಹಳೇ ಜೇನೆರಿಯಿಂದ ಬಂದಿರ್ಬೇಕು ಪಶುವೈದ್ಯರಿಗೆ ಹೇಳಿದೀನಿ ನೀವೂ ನೋಡಿ," ಎಂದು ಒಂದೇ ಉಸಿರಿನಲ್ಲಿ.

ಮರಿಹುಳು ಕೊಳೆಯುವ ರೋಗವೆಂದರೆ ಜೇನುಗಾರನಿಗೆ ಮನೆಗೆ ಬೆಂಕಿ ಬಿದ್ದ ಹಾಗೆ. ಅದಕ್ಕೆ ಮದ್ದಿಲ್ಲ, ಪೆಟ್ಟಿಗೆಯಿಂದ ಪೆಟ್ಟಿಗೆಗೆ ಹಬ್ಬುತ್ತದೆ, ಪೆಟ್ಟಿಗೆ ಸಮೇತ ಸುಡಬೇಕು. ಆದರೆ ನನ್ನ ಕಣ್ಣಿಗೆ ಬಿದ್ದದ್ದು ರೋಗವಲ್ಲ, 'ಶಾಲೆ ಅಂಗಳದ ಸಂತೆ' ಎಂಬ ಮಾತು. ಹಳೆಯ ಪೆಟ್ಟಿಗೆ, ಎರಿಗಳನ್ನು ಅದಲುಬದಲು ಮಾಡಿಕೊಳ್ಳುವ ಆ ಸಂತೆಯನ್ನು ಪ್ರತಿ ವಸಂತದಲ್ಲಿ ನಡೆಸುವವಳು ನಾನು.

ಕಾಫಿ ಆರುವ ಮೊದಲೇ ಉತ್ತರ ಬರೆದೆ: "ಇಗ್ನಾಸಿಯವರೇ, ನಿಮ್ಮ ಜೇನಿಗೇನೂ ಆಗಿಲ್ಲ. ಉಸಿರುಗಟ್ಟಿರುವುದು ನಿಮ್ಮ ವಾಕ್ಯಕ್ಕೆ. ಒಂದು ಪೂರ್ಣವಿರಾಮ ಹಾಕಿ ನೋಡಿ, ಬದುಕಿಕೊಳ್ಳುತ್ತದೆ."

ಸಂಜೆಯೊಳಗೆ ನಾನೂರು ಜನ ನಕ್ಕಿದ್ದರು.

ಇಗ್ನಾಸಿ ಬಿಡಲಿಲ್ಲ. ಮರುದಿನ ಮಸುಕು ಮಸುಕಾದ ಚಿತ್ರಗಳನ್ನು ಹಾಕಿದ. "ಇದು ಎರಿಯೋ, ನಿಮ್ಮ ಹೆಬ್ಬೆರಳೋ?" ಎಂದು ಕೇಳಿದೆ. ಮಂಗಳವಾರ ಅವನು ಬರೆದ, "ಟೀಚರ್ ನಗಿ ಪರ್ವಾಗಿಲ್ಲ ಆದ್ರೆ ನಿಮ್ ಪೆಟ್ಗೆ ಒಂದ್ಸಲ ತೆಗೀರಿ." ಅದಕ್ಕೂ ಏನೋ ಒಂದು ಚಾಟಿ ಬೀಸಿದೆ. ಜನ ಕೇಕೆ ಹಾಕಿದರು.

ಬುಧವಾರ ಮಧ್ಯಾಹ್ನ ನಾನು ಪೆಟ್ಟಿಗೆ ತೆಗೆದೆ. ಅನುಮಾನದಿಂದಲ್ಲ. ಆರೋಗ್ಯವಾದ ಎರಿಯ ಚಂದದ ಚಿತ್ರವೊಂದನ್ನು ಹಾಕಿ ಮುದುಕನ ಬಾಯಿ ಮುಚ್ಚಿಸಬೇಕಿತ್ತು. ನಾಲ್ಕನೆಯ ಪೆಟ್ಟಿಗೆಯ ಮುಚ್ಚಳ ಎತ್ತಿದಾಗ ಮೂಗಿಗೆ ಬಡಿಯಿತು. ಬಡಗಿಯ ಮಳಿಗೆಯ ಅಂಟಿನ ವಾಸನೆ. ಎರಿಯ ನಡುವೆ ಕೆಲವು ಕೋಶಗಳ ಮೇಣದ ಮುಚ್ಚಳ ಕಪ್ಪಾಗಿ ಒಳಕ್ಕೆ ಕುಸಿದಿತ್ತು. ಬೆಂಕಿಕಡ್ಡಿಯೊಂದನ್ನು ಚುಚ್ಚಿ ಮೆಲ್ಲಗೆ ಎಳೆದೆ. ಕಂದು ಬಣ್ಣದ ಅಂಟು ಪಾಕದ ಎಳೆಯಂತೆ ಬೆರಳುದ್ದ ಬಂತು, ತುಂಡಾಗಲಿಲ್ಲ.

ಹಾಗೆ ಎಳೆ ಬಂದರೆ ಅದೇ ರೋಗವೆಂದು ಜೇನು ಸಾಕುವ ಮನೆಯ ಮಕ್ಕಳಿಗೂ ಗೊತ್ತು. ಕಡ್ಡಿ ಮುರಿದು ಒಳಗೇ ಬಿತ್ತು. ನಾನು ಮುಚ್ಚಳ ಹಾಕಿ, ಕೈ ತೊಳೆದು, ಒಳಗೆ ಬಂದು ಕುಳಿತೆ. ಫೋನಿನಲ್ಲಿ ಒಂದರ ಮೇಲೊಂದು ಸಂದೇಶ: "ಟೀಚರ್ ಎಲ್ಲಿ? ಮುದುಕನಿಗೆ ಹೆದರಿ ಬಿಟ್ರಾ?" ಆಗ ಸತ್ಯ ಬರೆಯಲು ಎರಡು ನಿಮಿಷ ಸಾಕಿತ್ತು. ನಾನು ಅರ್ಧ ಗಂಟೆ ಕುಳಿತು, ಒಂದಕ್ಷರವೂ ಸುಳ್ಳಾಗದಂತೆ ಹೀಗೆ ಬರೆದೆ: "ಪ್ರಯೋಗಾಲಯದ ವರದಿ ಬಂದಿದೆಯೇ? ಬಂದ ಮೇಲೆ ಮಾತಾಡೋಣ. ಅಲ್ಲಿಯವರೆಗೆ ಮೂಗಿನಿಂದ ರೋಗ ಹಿಡಿಯುವ ವಿದ್ಯೆಯನ್ನು ಇಗ್ನಾಸಿಯವರಿಗೇ ಬಿಡೋಣ."

ಆ ರಾತ್ರಿ ಇಗ್ನಾಸಿ ಗುಂಪು ಬಿಟ್ಟು ಹೋದ. "ಗೆದ್ರಿ!" ಎಂದು ಯಾರೋ ಬರೆದರು.

ಗುರುವಾರ ನನ್ನ ತಮ್ಮ ಲೊವ್ರೊ ಫೋನ್ ಮಾಡಿದ. ಅವನದು ಇಪ್ಪತ್ತೆರಡು ಪೆಟ್ಟಿಗೆ, ಅದೇ ಜೀವನ. ನನ್ನ ಸಂತೆಯಿಂದ ಅವನೂ ಎರಿ ಒಯ್ದಿದ್ದ.

"ಅಕ್ಕ, ಗುಡ್ಡದಲ್ಲಿ ಅಕೇಶಿಯ ಮರ ಹೂ ಬಿಟ್ಟಿದೆ. ನಾಳೆ ಪೆಟ್ಟಿಗೆ ಅಲ್ಲಿಗೆ ಸಾಗಿಸ್ಬೇಕು. ಮೊದ್ಲು ಒಂದ್ಸಲ ಬಿಚ್ಚಿ ನೋಡ್ಲಾ? ಇಡೀ ದಿನ ಹೋಗತ್ತೆ."

"ನೀನೂ ಆ ಮುದುಕನ ಮಾತು ಕಟ್ಕೊಂಡು ಕೂತ್ಯಾ?" ಎಂದೆ.

ಅವನು ನಕ್ಕ. "ಅದೂ ಸರಿ ಬಿಡು."

ಇದನ್ನು ಬರೆಯುವಾಗಲೂ ನನ್ನ ಕಿವಿ ಬಿಸಿಯಾಗುತ್ತದೆ. ಗುಂಪಿನಲ್ಲಿ ಬರೆದದ್ದನ್ನು ಜಂಬ ಎನ್ನಬಹುದು. ತಮ್ಮನಿಗೆ ಹೇಳಿದ್ದಕ್ಕೆ ಹೆಸರಿಲ್ಲ.

ಮುಂದಿನ ವಾರ ಇಗ್ನಾಸಿಯ ವರದಿ ಬಂತು. ಅವನ ಮನೆಯಿಂದ ಮೂರು ಕಿಲೋಮೀಟರ್ ಸುತ್ತ ಪಶುವೈದ್ಯರು ಪೆಟ್ಟಿಗೆ ಬಿಚ್ಚುತ್ತಾ ಬಂದರು. ನನ್ನಲ್ಲಿ ಐದು ಪೆಟ್ಟಿಗೆಗೆ ರೋಗ. ಗುಡ್ಡದ ಮೇಲೆ ಲೊವ್ರೊನ ಒಂಬತ್ತಕ್ಕೆ, ಅವುಗಳ ಪಕ್ಕದಲ್ಲಿದ್ದ ಮತ್ತಿಬ್ಬರ ಪೆಟ್ಟಿಗೆಗಳಿಗೂ. ಹೊಂಡ ತೋಡಿ ಸುಟ್ಟೆವು. ಲೊವ್ರೊ ಸಲಿಕೆ ಊರಿಕೊಂಡು ನಿಂತಿದ್ದ.

ಮನೆಗೆ ಬಂದು ಗುಂಪಿನಲ್ಲಿ ಕ್ಷಮಾಪಣೆ ಬರೆದೆ. ಚೆನ್ನಾಗಿ ಬರೆದೆ, ಅದೇ ತೊಂದರೆ. ಅಹಂಕಾರದ ಬಗ್ಗೆ ಒಂದು ಮಾತು, ಇಗ್ನಾಸಿಯ ಹಿರಿತನದ ಬಗ್ಗೆ ಒಂದು ಮಾತು, ಕೊನೆಯ ಸಾಲನ್ನು ಮೂರು ಸಲ ತಿದ್ದಿದೆ. ಎಂಟುನೂರು ಜನ ಮೆಚ್ಚಿದರು. "ಎಂಥ ದೊಡ್ಡ ಮನಸ್ಸು!" "ಕಣ್ಣೀರು ಬಂತು ಟೀಚರ್!" ನಾನು ಒಂದೊಂದನ್ನೂ ಓದಿದೆ. ಓದುತ್ತಾ ಓದುತ್ತಾ, ಇಗ್ನಾಸಿಯನ್ನು ಗೇಲಿ ಮಾಡಿದ ದಿನ ಹೇಗೆ ಓದಿದ್ದೆನೋ ಹಾಗೆಯೇ ಓದುತ್ತಿದ್ದೇನೆಂದು ಅರಿವಾಯಿತು.

ಅಷ್ಟರಲ್ಲಿ ಲೊವ್ರೊ ಫೋನ್ ಮಾಡಿದ.

"ಚೆನ್ನಾಗ್ ಬರ್ದಿದೀಯ. ಎಲ್ಲಾ ಇದೆ. ಒಂದೇ ಇಲ್ಲ."

"ಏನು?"

"ನಿನಗೆ ಯಾವತ್ತು ಗೊತ್ತಾಯ್ತು?"

"ಡಾಕ್ಟರ್ ಬಂದಾಗ," ಎಂದುಬಿಟ್ಟೆ.

"ಅಕ್ಕ, ಡಾಕ್ಟರ್ ಹೇಳಿದ್ರು. ನಾಲ್ಕನೇ ಪೆಟ್ಟಿಗೇಲಿ ಮುರಿದ ಬೆಂಕಿಕಡ್ಡಿ ಸಿಕ್ತಂತೆ." ಅವನು ಫೋನ್ ಇಟ್ಟ.

ಮರುದಿನ ಬೆಳಿಗ್ಗೆ ಮೇಲಿನ ಕೇರಿಗೆ ನಡೆದುಹೋದೆ. ಇಗ್ನಾಸಿ ಅಂಗಳದಲ್ಲಿ ವಾಷಿಂಗ್ ಸೋಡಾ ಹಾಕಿದ ನೀರು ಕಾಯಿಸಿ ಜೇನಿನ ಸಲಕರಣೆ ತೊಳೆಯುತ್ತಿದ್ದ. ಎದ್ದು ಕೈ ಒರೆಸಿಕೊಂಡ.

"ಬನ್ನಿ ಟೀಚರ್. ನೀವು ಗುಂಪಲ್ಲಿ ಬರ್ದಿದ್ದು ಮಗಳು ಓದಿ ಹೇಳಿದ್ಲು. ಭಾಳ ಚೆನ್ನಾಗಿದೆ ಅಂದ್ಲು."

"ಅದು ಪೂರ್ತಿ ಅಲ್ಲ. ನಾನು ಬುಧವಾರವೇ ನೋಡಿದ್ದೆ. ಕಡ್ಡಿ ಚುಚ್ಚಿ ನೋಡಿದ್ದೆ. ಆಮೇಲೆ ನಿಮಗೆ ಹಾಗೆ ಬರೆದೆ."

ಅವನು ಕೆಂಡ ಕೆದಕಿ ಉರಿ ತಗ್ಗಿಸಿದ. ಬೈಯಲಿ ಎಂದು ಕಾದೆ.

"ಆ ಬುಧವಾರ ನಾನು ನನ್ನ ಮೂಗನ್ನೇ ನಂಬದ ಹಾಗಾಗಿದ್ದೆ," ಎಂದ ಕೊನೆಗೆ. "ಟೀಚರ್ ಹೇಳ್ತಿದಾರೆ, ಅಷ್ಟು ಜನ ನಗ್ತಿದಾರೆ, ನಂದೇ ತಪ್ಪಿರ್ಬೇಕು ಅಂತ ಡಾಕ್ಟರಿಗೆ ಬರೋದು ಬೇಡ ಅನ್ನೋಕೆ ಫೋನ್ ಎತ್ಕೊಂಡಿದ್ದೆ. ಮಗಳು ಕಿತ್ಕೊಂಡ್ಲು."

ನೆಲದ ಮೇಲಿದ್ದ ಸಲಕರಣೆಯೊಂದನ್ನು ಎತ್ತಿ ಅವನ ಕೈಗೆ ಕೊಟ್ಟೆ.

"ಪೆಟ್ಟಿಗೆ ಕಳ್ಕೊಂಡವ್ರಿಗೂ ಹೇಳಿ," ಎಂದ. "ದಿನ ಹೇಳಿ. ಅವರವರ ಪೆಟ್ಟಿಗೆ ಯಾಕೆ ಸುಟ್ಟೋಯ್ತು ಅಂತ ಅವ್ರಿಗೆ ಗೊತ್ತಾಗ್ಬೇಕಲ್ಲ." ಕಾಫಿ ಕೊಡಲಿಲ್ಲ. ಮತ್ತೆ ಕುಳಿತು ಉಜ್ಜತೊಡಗಿದ.

ಗುಂಪಿನಲ್ಲಿ ಬರೆದರೆ ಮತ್ತೆ ಚೆನ್ನಾಗಿ ಬರೆದುಬಿಡುತ್ತೇನೆಂಬ ಭಯವಿತ್ತು. ಹಾಗಾಗಿ ಪೆಟ್ಟಿಗೆ ಕಳೆದುಕೊಂಡ ಇಬ್ಬರ ಮನೆಗೂ ಹೋದೆ. ಒಬ್ಬಳು ಬಾಗಿಲಲ್ಲೇ ನಿಲ್ಲಿಸಿ ಕೇಳಿಸಿಕೊಂಡು, "ಇಷ್ಟೆಲ್ಲ ಎರಡು ನಗೆಗೋಸ್ಕರವಾ?" ಎಂದಳು. ಹೌದು ಎಂದೆ. ಇನ್ನೊಬ್ಬ ಬಾಗಿಲು ಹಾಕಿಕೊಂಡ. ಆಮೇಲೆ ಗುಂಪಿನಲ್ಲಿ ನಾನು ರೋಗ ಕಂಡ ದಿನ, ಉತ್ತರ ಬರೆದ ದಿನ, ಇಷ್ಟನ್ನೇ ಹಾಕಿದೆ. ಮೂರು ದಿನ ಬೈಗುಳ ಬಂತು. ಉತ್ತರ ಕೊಡಲು ಕೈ ಎಷ್ಟು ತುರಿಸಿತು ಎಂದು ಹೇಳಲೂ ನಾಚಿಕೆ. ಒಂದೆರಡನ್ನು ಬರೆದು ಅಳಿಸಿದೆ, ಬಲು ಚುರುಕಾದವು.

ಲೊವ್ರೊನ ಮನೆಗೆ ಕೊನೆಯಲ್ಲಿ ಹೋದೆ. ಅವನು ತೋಟದಲ್ಲಿದ್ದ. ಅವನ ಹೆಂಡತಿ ಒಂದು ತಟ್ಟೆ ಯೋತಾ, ಹುಳಿ ಎಲೆಕೋಸಿನ ಸಾರು, ಬಡಿಸಿದಳು, ಅಷ್ಟು ದೂರ ನಡೆದು ಬಂದವರಿಗೆ ಬಡಿಸದಿರಲಾಗದು ಎಂಬಂತೆ. ತಿಂದು, ತಟ್ಟೆ ತೊಳೆದಿಟ್ಟು, ಕತ್ತಲಾಗುವವರೆಗೆ ಕುಳಿತಿದ್ದೆ. ಅವನು ಒಳಗೆ ಬರಲಿಲ್ಲ.