ಯಮನಪ್ಪನ ಹಿತ್ತಾಳಿ ಡ್ರಮ್

ಹಳೇ ಡ್ರಮ್ ರಿಪೇರಿ ಮಾಡುವುದು, ಅದರ ಮೈ ಯಾವ ಲೋಹದ್ದು, ಯಾವ ಕಾಲದ್ದು ಎಂದು ಗುರುತಿಸುವುದು ಭುವನೇಶ್ವರಿಯ ಕಸುಬು. ಹುಬ್ಬಳ್ಳಿ ಪಕ್ಕದ ತಾರಿಹಾಳದಲ್ಲಿ ಅವಳದೇ ವರ್ಕ್‌ಶಾಪ್ ಇತ್ತು. ಪುಣೆ, ಗೋವಾದವರೂ ಅವಳ ಮಾತು ನಂಬುತ್ತಿದ್ದರು. ಒಂದು ಮುಂಜಾನೆ ಅವಳಿಗೆ ಫೋನ್ ಬಂತು.

"ಮೇಡಂ, ನಾ ಧಾರವಾಡ ಮಾಳಮಡ್ಡಿಯಿಂದ ಬ್ಯಾಂಡ್ ಕಂಪನಿ ರಾಜಶೇಖರ ಮಾತಾಡಾಕತ್ತೇನ್ರಿ. ಮನ್ಯಾಗ ಒಂದ್ ಹಳೇ ಸೈಡ್ ಡ್ರಮ್ ಐತಿ. ಪುಣೆಯಿಂದ ವಸೀಮ ಅನ್ನೋರು ತಗೊಳ್ಳಾಕ ಬರಾಕತ್ತಾರ. ನೀವು ನೋಡಿ ಹೇಳಿದ್ರಷ್ಟ ನಂಬ್ತೇನಿ ಅಂದಾರ."

"ಬರ್ತೇನ್ರಿ" ಅಂದಳು. ಆ ಹೆಸರನ್ನು ಅವಳು ಮರೆತಿರಲಿಲ್ಲ. ಅವನು ಅವಳನ್ನು ನೋಡಿದ್ದು ಅವಳಿನ್ನೂ ಎರಡು ಜಡೆ ಹಾಕಿಕೊಂಡು ಶಾಲೆಗೆ ಹೋಗುವಾಗ. ಅವನಿಗೆ ಗುರುತು ಸಿಕ್ಕಿರಲಿಲ್ಲ.

ಅವಳಪ್ಪ ಯಮನಪ್ಪ ಸುಳ್ಳ ಎಂಬ ಹಳ್ಳಿಯವನು, ರಾಜಶೇಖರನ ಮದುವೆ ಬ್ಯಾಂಡಿನಲ್ಲಿ ಸೈಡ್ ಡ್ರಮ್ ಕೊರಳಿಗೆ ಹಾಕಿಕೊಂಡು ಬಾರಿಸುತ್ತಿದ್ದ. ಡ್ರಮ್ಮು ಕಂಪನಿಯದೇ. ನಿಕ್ಕಲ್ ಹೊದಿಸಿದ ಹಿತ್ತಾಳೆಯದು, ಅದರ ದನಿ ಓಣಿ ದಾಟಿ ಹೋಗುತ್ತಿತ್ತು. ಲಗ್ನದ ಮನೆಯವರು ಮಾಲಕನ ಹೆಸರು ಬಿಟ್ಟು 'ಯಮನಪ್ಪನ ಬ್ಯಾಂಡ್ ಕರಸ್ರಿ' ಅನ್ನತೊಡಗಿದ್ದರು. ಬೇರೆ ಬ್ಯಾಂಡಿನವರು ಕರೆದಾಗ ಅವನು ಹೋಗುವ ಮನಸ್ಸು ಮಾಡಿದ. ಅದೇ ವಾರ ಕಂಪನಿಯ ಕೋಣೆಯಲ್ಲಿ ಹಿತ್ತಾಳೆ ಡ್ರಮ್ ಇದ್ದ ಜಾಗದಲ್ಲಿ ಕಬ್ಬಿಣದ್ದೊಂದು ಬಂದು ಕೂತಿತು. ರಾಜಶೇಖರ ಸುಳ್ಳಕ್ಕೆ ಜೀಪಿನಲ್ಲಿ ಬಂದ. ಗುಡಿ ಕಟ್ಟೆಯ ಮೇಲೆ ಊರವರೆದುರು ಯಮನಪ್ಪನ ಬ್ಯಾಂಡಿನ ಕೆಂಪು ಕೋಟು ಬಿಚ್ಚಿಸಿದ. "ಡ್ರಮ್ ಬದಲಿ ಮಾಡ್ಯಾನ. ತುಡುಗ, ಕಳ್ಳ ಇಂವ" ಅಂದ.

ಆಮೇಲೆ ಯಾವ ಬ್ಯಾಂಡೂ ಅವನನ್ನು ಕರೆಯಲಿಲ್ಲ. ಊರಿನಲ್ಲಿ ಅವನು ಅಂಗಳಕ್ಕೆ ಬಂದರೆ ಜನ ಒಣಹಾಕಿದ ಪಾತ್ರೆ ಒಳಗಿಟ್ಟುಕೊಳ್ಳುತ್ತಿದ್ದರು. ಕೊರಗಿ ಕೊರಗಿ ಸತ್ತ. ಭುವನೇಶ್ವರಿ ತಾರಿಹಾಳದ ಪ್ಲೇಟಿಂಗ್ ಫ್ಯಾಕ್ಟರಿ ಸೇರಿ ಲೋಹದ ಕೆಲಸ ಕಲಿತಳು. ಕಲಿತದ್ದು ಹೊಟ್ಟೆಪಾಡಿಗೆ ಮಾತ್ರವಲ್ಲ. ಆ ಡ್ರಮ್ ಒಮ್ಮೆ ಟೆಂಪೋದಿಂದ ಬಿದ್ದು ಸೀಳಿದಾಗ, ಅಪ್ಪ ಹಳೇ ಸ್ಟೋವಿನ ಹಿತ್ತಾಳೆ ಟಾಕಿ ಕತ್ತರಿಸಿ, ವೀಳ್ಯದೆಲೆ ಆಕಾರದ ತೇಪೆ ಒಳಗಿನಿಂದ ಬೆಸೆದಿದ್ದ. ಇಕ್ಕಳ ಹಿಡಿದು ನಿಂತವಳು ಇವಳೇ. ಕೈಗೆ ಬಂದ ಪ್ರತಿ ಹಳೇ ಡ್ರಮ್ಮಿನೊಳಗೂ ಅವಳು ಮೊದಲು ಆ ತೇಪೆ ಹುಡುಕುತ್ತಿದ್ದಳು.

ಮಾಳಮಡ್ಡಿಯ ಪಡಸಾಲೆಯಲ್ಲಿ ವಸೀಮ ಕೂತಿದ್ದ. ದೊಡ್ಡ ಗಿರಾಕಿ ಬಂದದ್ದನ್ನು ತೋರಿಸಲೆಂದು ರಾಜಶೇಖರ ತನ್ನ ಬ್ಯಾಂಡಿನವರನ್ನೂ ಕರೆದಿದ್ದ; ಇದು ಮನೆಯಲ್ಲೇ ಇದ್ದ ಬೇರೆ ಡ್ರಮ್ ಎಂದು ಅವರಿಗೆ ಹೇಳಿದ್ದ. ಕ್ಲಾರಿನೆಟ್ ನುಡಿಸುವ ಮುದುಕ ಮುಕ್ತಾರ, ಅಪ್ಪನ ಗೆಳೆಯ, ಮೂಲೆಯಲ್ಲಿದ್ದ.

ಭುವನೇಶ್ವರಿ ತಿರುಪು ಬಿಚ್ಚಿ ಮೇಲಿನ ಹೊದಿಕೆ ತೆಗೆದಳು. ಒಳಗೆ ಬೆರಳಾಡಿಸಿದಳು. ಆ ತೇಪೆಯ ಎಲೆತುದಿ ಬೆರಳಿಗೆ ಚುಚ್ಚಿತು. ಮುಖ ಎತ್ತದೆ ಹೇಳತೊಡಗಿದಳು.

"ಶೆಲ್ಲು, ಅಂದ್ರ ಡ್ರಮ್ಮಿನ ಮೈ, ಖರೇ ಹಿತ್ತಾಳಿದು. ಮ್ಯಾಲೆ ನಿಕ್ಕಲ್. ಹೊದಿಕಿ ಬಿಗಿಯೋ ಕೊಳವಿ ನೋಡ್ರಿ, ಸಣ್ಣು, ಉದ್ದ. ಎರಡನೇ ಮಹಾಯುದ್ಧಕ್ಕಿಂತ ಹಿಂದಿನ ಮಾಲು ಇದು. ಆಮ್ಯಾಲಿನವಕ್ಕ ಡಬ್ಬಿಯಂಥಾ ದಪ್ಪನ ತುಂಡು ಬರ್ತಾವ."

ವಸೀಮನ ಮುಖ ಅರಳಿತು. ರಾಜಶೇಖರ ಮೀಸೆ ತಿರುವಿದ.

"ಇನ್ನೊಂದ್ ಮಾತ್ರಿ" ಅಂದಳು. "ಹಳೇ ಮಾಲು ಯಾರ್ಯಾರ ಕೈ ದಾಟಿ ಬಂತು ಅನ್ನೂದೂ ಗೊತ್ತಿರಬೇಕು. ನಡುವ ಎಲ್ಲೆರೆ ಕಳುವಾಗಿತ್ತೇನ್ರಿ?"

"ಛೇ ಛೇ! ನಮ್ಮಪ್ಪ ತಂದದ್ದು. ಅವತ್ತಿಂದ ಒಂದಿನಾನೂ ನಮ್ಮ ಕೈ ಬಿಟ್ಟಿಲ್ಲ. ಬಸವಣ್ಣನ ಆಣಿ!"

"ಯಾರೂ ಬದಲಿ ಮಾಡಿದ್ದಿಲ್ಲಾ?"

"ಇಲ್ಲಂತ ಹೇಳಿದೆನಲ್ರಿ."

"ಹಂಗಾರ ನಮ್ಮಪ್ಪ, ಸುಳ್ಳದ ಯಮನಪ್ಪ, ಯಾವ ಡ್ರಮ್ ತುಡುಗು ಮಾಡಿದ್ದಾ?"

ಮುಕ್ತಾರ ಎದ್ದು ಬಂದು ಡ್ರಮ್ಮಿನೊಳಗೆ ಕೈ ಹಾಕಿದ. ಗೆಳೆಯ ಹಿಂದೆ ತೋರಿಸಿದ್ದ ತೇಪೆ ಸಿಕ್ಕಿತು.

"ಯಾ ಅಲ್ಲಾ! ಇದು ಯಮನಪ್ಪನ ಕೈ ಕೆಲಸ. ಮಾಲಕರ, ಕಬ್ಬಿಣದ್ದು ನೀವ ಇಟ್ರೇನು?"

ರಾಜಶೇಖರ ಕುರ್ಚಿಯ ಕೈ ಹಿಡಿದುಕೊಂಡ. "ಅಂವ ಬ್ಯಾರೆ ಬ್ಯಾಂಡಿಗೆ ಹೊಂಟಿದ್ದ. ತಡೀಬೇಕಿತ್ತು. ಸಾಯ್ತಾನಂತ ನನಗೇನ್ ಗೊತ್ತು?"

ವಸೀಮ ಚಪ್ಪಲಿ ಮೆಟ್ಟಿ ಹೊರಟ. ಬ್ಯಾಂಡಿನವರು ಒಬ್ಬೊಬ್ಬರಾಗಿ ಎದ್ದರು.

"ಡ್ರಮ್ ನೀನ ಒಯ್ಯವಾ" ರಾಜಶೇಖರನ ದನಿ ಇಳಿದಿತ್ತು. "ಮಾತು ಇಲ್ಲಿಗೇ ಬಿಡು."

"ಡ್ರಮ್ ಬ್ಯಾಡ್ರಿ. ನಾಳೆ ಮುಂಜಾನಿ ಸುಳ್ಳಕ್ಕ ಬರ್ರಿ. ಅದ ಕಟ್ಟಿ ಮ್ಯಾಲೆ ನಿಂತು, ಈಗ ಹೇಳಿದ್ದನ್ನ ಊರಿಗೆ ಹೇಳ್ರಿ. ಬರಲಿಲ್ಲಂದ್ರ ಹುಬ್ಬಳ್ಳಿ ಧಾರವಾಡದಾಗ ಲಗ್ನ ಆಗೋ ಪ್ರತಿ ಮನೀಗೂ ನಾನ ಹೋಗಿ ಹೇಳ್ತೇನಿ."

ಅವನು ಬಂದ. ಕಟ್ಟೆ ಹತ್ತಿ ಗೊಣಗಿದಾಗ ಮುದುಕರು "ಜೋರಾಗಿ ಹೇಳ್ರೀ, ಅವತ್ತು ದನಿ ಭಾಳ ಇತ್ತು" ಅಂದರು. ಜೋರಾಗಿ ಹೇಳಿದ. ಹೇಳುತ್ತ ಹೇಳುತ್ತ ಅತ್ತುಬಿಟ್ಟ. ಅದನ್ನು ಕಣ್ತುಂಬ ನೋಡುತ್ತ ನಿಂತಿದ್ದಳು ಭುವನೇಶ್ವರಿ. ಕರುಣೆ ಬರುತ್ತದೇನೋ ಎಂದು ಅಂಜಿದ್ದಳು, ಬರಲಿಲ್ಲ.

ಬಿಸಿಲು ಏರಿತ್ತು. ಅವನು ಭುವನೇಶ್ವರಿಯ ಮನೆ ಬಾಗಿಲಿಗೆ ಬಂದು, "ತಂಗೀ, ಒಂಚೂರು ನೀರು ಕೊಡವಾ" ಎಂದು ಅವಳ ತಾಯಿ ಸತ್ಯವ್ವನನ್ನು ಕೇಳಿದ. ವೈರಿಗೂ ನೀರು ಇಲ್ಲವೆನ್ನದ ಊರು ಅದು.

ಸತ್ಯವ್ವ ಹೊಸ್ತಿಲಿನಿಂದ ಏಳಲಿಲ್ಲ. "ಈ ಮನ್ಯಾಗ ನಿನಗ ನೀರಿಲ್ಲ."

ಅವನು ಒಣಗಿದ ತುಟಿ ಸವರಿಕೊಂಡು ನಡೆದುಹೋದ.

"ಸಾಕಾತೇನಬೇ ಯವ್ವಾ?" ಭುವನೇಶ್ವರಿ ಕೇಳಿದಳು.

ಸತ್ಯವ್ವ ರಸ್ತೆಯ ತಿರುವಿನವರೆಗೂ ಅವನ ಬೆನ್ನು ನೋಡಿದಳು.

"ಇವತ್ತಿಗೆ ಸಾಕು."